ನಿಲ್ದಾಣದ ಪಕ್ಕ ಬಡವರಿಗೂ ಮನೆ ಇರಲಿ

ಮಾನ್ಯರೇ,

ಮೆಟ್ರೊ, ರೈಲು, ಬಸ್ ನಿಲ್ದಾಣಗಳ ಸುತ್ತಮುತ್ತ ಸಾಮಾನ್ಯರ ಕೈಗೆಟಕುವ ಮನೆಗಳು ಇಲ್ಲವಾಗುತ್ತಿವೆ. ಹೊಸ ಮಾರ್ಗದ ಸುದ್ದಿ ಬಂದರೆ ಸಾಕು, ಜಾಗದ ಬೆಲೆ ಏರುತ್ತದೆ, ಬೆನ್ನಿಗೇ ಬಾಡಿಗೆಯೂ. ಕಾರು ಇರುವವರು ನಿಲ್ದಾಣದ ಪಕ್ಕಕ್ಕೆ ಬರುತ್ತಾರೆ. ದಿನಾ ಬಸ್ಸು, ರೈಲನ್ನೇ ನಂಬಿದವರು ಊರಾಚೆ ಹೋಗುತ್ತಾರೆ. ಇದು ತಲೆಕೆಳಗಾದ ಲೆಕ್ಕ ಅಲ್ವಾ? ಅಲ್ಲಿ ಬಾಡಿಗೆಯಲ್ಲಿ ಉಳಿಸಿದ್ದು ಓಡಾಟಕ್ಕೇ ಖರ್ಚಾಗುತ್ತದೆ.

ಕಟ್ಟಡ ನಿಯಮಗಳೂ ಇದಕ್ಕೆ ಕಾರಣ. ಪ್ರತಿ ಮನೆಗೂ ಪಾರ್ಕಿಂಗ್ ಕಡ್ಡಾಯ ಎಂದರೆ ಆ ಖರ್ಚು ಮನೆ ಬೆಲೆಗೇ ಸೇರುತ್ತದೆ. ಕಾರಿಲ್ಲದವರೂ ಸುಮ್ನೆ ಅದನ್ನು ತೆರಬೇಕು. ಕ್ಯಾಲಿಫೋರ್ನಿಯಾ 2022ರ ಕಾನೂನಿನಲ್ಲಿ ಪ್ರಮುಖ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗೆ ಈ ಕಡ್ಡಾಯವನ್ನು ಬಹುಪಾಲು ಕೈಬಿಟ್ಟಿದೆ. ಲಾಸ್ ಏಂಜಲೀಸ್ 2017ರಲ್ಲೇ ಇನ್ನೊಂದು ದಾರಿ ಹಿಡಿಯಿತು: ನಿಲ್ದಾಣದ ಹತ್ತಿರ ಕಟ್ಟುವವರು ಕಡಿಮೆ ಆದಾಯದವರಿಗೆ ಒಂದಿಷ್ಟು ಮನೆ ಮೀಸಲಿಟ್ಟರೆ, ಜಾಸ್ತಿ ಮನೆ ಕಟ್ಟಲು ಅನುಮತಿ. ಕಟ್ಟುವವರಿಗೂ ನಷ್ಟವಿಲ್ಲ.

ಹಳಿ ಬಂದ ಮೇಲೆ ಜಾಗ ಹುಡುಕಿದರೆ ದುಬಾರಿ. ಹಾಗಾಗಿ ಹೊಸ ಮಾರ್ಗಕ್ಕೆ ಒಪ್ಪಿಗೆ ಕೊಡುವಾಗಲೇ, ನಿಲ್ದಾಣದ ಬಳಿಯ ಸರ್ಕಾರಿ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆಗಳು ಎಷ್ಟು ಎಂಬುದನ್ನೂ ಯೋಜನೆಯಲ್ಲಿ ಸೇರಿಸಬೇಕು.

– ಒಬ್ಬ ಓದುಗ