ಓಕ್‌ಲೀಫ್ ಹೈಡ್ರೇಂಜಿಯಾಕ್ಕೆ ಚಳಿಗಾಲದ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತೋಟಗಾರಿಕೆ ಪುಟದಲ್ಲಿ ಹೈಡ್ರೇಂಜಿಯಾ ಗಿಡಗಳ ಆರೈಕೆಯ ಕುರಿತು ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಚಳಿಗಾಲದ ಕೊನೆಯಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಬೇಕೆಂದೂ, ಮಣ್ಣಿನ ಆಮ್ಲೀಯತೆಯನ್ನು ಬದಲಿಸಿದರೆ ಹೂವಿನ ಬಣ್ಣ ಬದಲಾಗುತ್ತದೆಂದೂ ಅದರಲ್ಲಿ ಎಲ್ಲ ಹೈಡ್ರೇಂಜಿಯಾಗಳಿಗೂ ಸೇರಿಸಿ ಹೇಳಲಾಗಿದೆ. ಓಕ್ ಮರದ ಎಲೆಯನ್ನು ಹೋಲುವ ಎಲೆಗಳುಳ್ಳ ಓಕ್‌ಲೀಫ್ ಹೈಡ್ರೇಂಜಿಯಾಕ್ಕೆ ಈ ಎರಡು ಮಾತುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ಬಣ್ಣದ ವಿಷಯದಲ್ಲಿ ತಪ್ಪಿದರೆ ಆಗುವ ನಷ್ಟ ಹೆಚ್ಚಿಲ್ಲ. ಅದರ ಹೂಗೊಂಚಲು ಬಿಳಿಯಾಗಿ ಅರಳಿ, ಬಲಿಯುತ್ತ ತಾನಾಗಿಯೇ ಗುಲಾಬಿ ಛಾಯೆಗೆ ತಿರುಗುತ್ತದೆ, ಯಾವ ಮಣ್ಣಿನಲ್ಲಿಯೂ ನೀಲಿಯಾಗುವುದಿಲ್ಲ. ಆದರೆ ಸವರುವ ಕಾಲವನ್ನು ತಪ್ಪಿದರೆ ಒಂದು ಇಡೀ ವರ್ಷದ ಹೂವೇ ಹೋಗುತ್ತದೆ.

ಈ ಗಿಡದ ಹೂಮೊಗ್ಗುಗಳು ಹಿಂದಿನ ಬೇಸಿಗೆ ಮುಗಿಯುವ ಹೊತ್ತಿಗೇ ರೆಂಬೆಗಳ ತುದಿಯಲ್ಲಿ ಕಟ್ಟಿ, ಚಳಿಗಾಲವನ್ನು ಅಲ್ಲಿಯೇ ಕಳೆದು, ಮುಂದಿನ ಬೇಸಿಗೆಯ ಆರಂಭದಲ್ಲಿ ಅರಳುತ್ತವೆ. ನಾನು ಬೆಳೆಸಿದ ಮೊದಲ ಗಿಡವನ್ನು ಇಂಥದ್ದೇ ಸಲಹೆಯೊಂದನ್ನು ನಂಬಿ ಚಳಿಗಾಲದಲ್ಲಿ ಸವರಿದ್ದೆ. ಆ ವರ್ಷ ಅದು ಸೊಂಪಾಗಿ ಚಿಗುರಿತು, ಆದರೆ ಒಂದು ಗೊಂಚಲೂ ಬರಲಿಲ್ಲ. ಕಾರಣ ತಿಳಿಯದೆ ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ. ಮೊಗ್ಗುಗಳನ್ನು ನಾನೇ ಕತ್ತರಿಸಿ ಎಸೆದಿದ್ದೆನೆಂಬುದು ತಡವಾಗಿ ಅರ್ಥವಾಯಿತು. ಸವರಲೇಬೇಕಾದರೆ ಹೂ ಬಾಡಿದ ಕೂಡಲೇ, ಹೊಸ ಮೊಗ್ಗು ಕಟ್ಟುವ ಮುನ್ನ ಸವರಬೇಕು. ಒಣಗಿದ ಅಥವಾ ಮುರಿದ ರೆಂಬೆಗಳನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ವಾಸ್ತವದಲ್ಲಿ ಕುಬ್ಜ ತಳಿಗಳನ್ನು ಆರಿಸಿಕೊಂಡವರಿಗೆ ಕತ್ತರಿಯ ಅಗತ್ಯವೇ ಅಪರೂಪ. ಮೂಲ ಜಾತಿಯು ಆರರಿಂದ ಎಂಟು ಅಡಿ, ಕೆಲವೆಡೆ ಇನ್ನೂ ಎತ್ತರ ಬೆಳೆಯುತ್ತದೆ. ಅಮೆರಿಕದ ರಾಷ್ಟ್ರೀಯ ವೃಕ್ಷೋದ್ಯಾನವು (ನ್ಯಾಷನಲ್ ಆರ್ಬೊರೇಟಮ್) 2010ರಲ್ಲಿ ಬಿಡುಗಡೆ ಮಾಡಿದ ‘ಮಂಚ್‌ಕಿನ್’ ಸುಮಾರು 3 ಅಡಿ ಎತ್ತರಕ್ಕೂ, ‘ರೂಬಿ ಸ್ಲಿಪ್ಪರ್ಸ್’ ಸುಮಾರು ಮೂರೂವರೆ ಅಡಿಗೂ ನಿಲ್ಲುತ್ತವೆ. ಎರಡೂ ಎತ್ತರಕ್ಕಿಂತ ಅಗಲಕ್ಕೇ ಹೆಚ್ಚು ಹರಡುವುದರಿಂದ, ನೆಡುವಾಗಲೇ ಸುತ್ತಲೂ ಸಾಕಷ್ಟು ಜಾಗ ಬಿಡುವುದು ಜಾಣತನ. ಜಾಗ ಸಾಲದೆಂದು ಪ್ರತಿವರ್ಷ ಕತ್ತರಿಸುತ್ತ ಕೂರುವುದಕ್ಕಿಂತ ಸರಿಯಾದ ತಳಿಯನ್ನು ಆರಿಸುವುದೇ ಮೇಲು.

ಅಮೆರಿಕದ ಆಗ್ನೇಯ ಭಾಗದ ಕಾಡುಗಳಲ್ಲಿ, ಮರಗಳ ಕೆಳಗೆ, ಹೊಳೆದಂಡೆಯ ಇಳಿಜಾರುಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಅಲಬಾಮಾ ರಾಜ್ಯವು 1999ರಲ್ಲಿ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಅಂಗೀಕರಿಸಿದೆ. ಆ ನೆಲೆಯನ್ನು ನೆನಪಿಟ್ಟುಕೊಂಡರೆ ಆರೈಕೆಯ ಅರ್ಧ ಪಾಠ ಕಲಿತಂತೆ. ಬೆಳಗಿನ ಬಿಸಿಲು ಮತ್ತು ಮಧ್ಯಾಹ್ನದ ನೆರಳು ಇದಕ್ಕೆ ಹಿತ. ದಟ್ಟ ನೆರಳಿನಲ್ಲಿ ಗಿಡ ಬದುಕುತ್ತದಾದರೂ ಹೂ ಕಡಿಮೆಯಾಗಿ, ಎಲೆ ಉದುರುವ ಮುನ್ನ ಬರುವ ಆ ಸುಂದರವಾದ ಕೆಂಪು, ನೇರಳೆ ಬಣ್ಣಗಳೂ ಮಂಕಾಗುತ್ತವೆ. ಮಣ್ಣು ತೇವವಾಗಿರಬೇಕು, ಆದರೆ ಬುಡದಲ್ಲಿ ನೀರು ನಿಲ್ಲಲೇಬಾರದು. ನೀರು ನಿಂತರೆ ಬೇರು ಕೊಳೆಯುತ್ತದೆ, ಬೇರು ಕೊಳೆತಾಗ ಎಲೆಗಳು ಜೋಲುತ್ತವೆ, ಅದನ್ನು ಬಾಯಾರಿಕೆಯೆಂದು ತಿಳಿದು ನಾವು ಮತ್ತಷ್ಟು ನೀರೆರೆಯುತ್ತೇವೆ. ಬೆರಳನ್ನು ಮಣ್ಣಿಗಿಳಿಸಿ ನೋಡಿದ ಮೇಲೆಯೇ ನೀರು ಕೊಡುವ ಅಭ್ಯಾಸವಾಗಬೇಕು. ಜಿಗುಟು ಮಣ್ಣಾದರೆ ಏರುಮಡಿ ಮಾಡಿ ನೆಡುವುದು ಒಳ್ಳೆಯದು. ತರಗೆಲೆಯ ಹೊದಿಕೆಯನ್ನು ಎರಡು ಮೂರು ಅಂಗುಲ ಹರಡಬಹುದು, ಅದು ಕಾಂಡಕ್ಕೆ ತಾಗದಿರಲಿ. ಗೊಬ್ಬರ ಅತಿಯಾದರೆ ಎಲೆ ಹೆಚ್ಚುತ್ತದೆಯೇ ಹೊರತು ಹೂವಲ್ಲ.

ಹೊಸಬರು ಹೆದರುವ ಇನ್ನೊಂದು ಸಂಗತಿಯಿದೆ. ಎಲೆ ಉದುರಿದ ಮೇಲೆ ಬಲಿತ ಕಾಂಡದ ತೊಗಟೆ ಹಾಳೆಹಾಳೆಯಾಗಿ ಸುಲಿದು ದಾಲ್ಚಿನ್ನಿ ಬಣ್ಣದ ಒಳಪದರ ಕಾಣಿಸುತ್ತದೆ. ಇದು ರೋಗವಲ್ಲ, ಈ ಗಿಡದ ಸಹಜ ಗುಣ, ನನ್ನ ಮಟ್ಟಿಗಂತೂ ಚಳಿಗಾಲದ ತೋಟದಲ್ಲಿ ಇದಕ್ಕಿಂತ ಚೆಲುವಾದ ನೋಟ ಇಲ್ಲ. ಬರಿಯ ಕಡ್ಡಿಗಳಂತೆ ನಿಂತ ಗಿಡವನ್ನು ಸತ್ತಿದೆಯೆಂದು ಕೀಳುವ ಮುನ್ನ ತೊಗಟೆಯನ್ನು ಉಗುರಿನಿಂದ ಕೊಂಚ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ಗಿಡದ ಎಲ್ಲ ಭಾಗಗಳೂ ತಿಂದರೆ ವಿಷಕಾರಿಯಾದ್ದರಿಂದ ಮಕ್ಕಳು ಮತ್ತು ಸಾಕುಪ್ರಾಣಿಗಳ ಬಗ್ಗೆ ಎಚ್ಚರವಿರಲಿ.

ಮುಂದಿನ ಚಳಿಗಾಲಕ್ಕೆ ಮುನ್ನ, ಆ ಬರಹದ ಸಲಹೆ ಯಾವ ಜಾತಿಯ ಹೈಡ್ರೇಂಜಿಯಾಕ್ಕೆ ಸಂಬಂಧಿಸಿದ್ದೆಂದು ಹೆಸರಿಸಿ ಒಂದು ಸ್ಪಷ್ಟೀಕರಣವನ್ನು ಪ್ರಕಟಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ