ಅತ್ತೆಯ ಬಾಯಲ್ಲಿ ಸೊಸೆಯ ಸಂಕಟ

ಮಾನ್ಯ ಸಂಪಾದಕರೇ,

ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕರೆದೊಯ್ಯುವ ಅಧ್ಯಾಪಕಿ ನಾನು. ವಿಜಯಪುರದ ಆಸ್ಪತ್ರೆಯೊಂದಕ್ಕೆ ತಾಂಡಾದಿಂದ ಲಂಬಾಣಿ ಹೆಣ್ಣುಮಗಳೊಬ್ಬಳು ಅತ್ತೆಯೊಂದಿಗೆ ಬಂದಿದ್ದಳು (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ). ಕನ್ನಡ ಅವಳಿಗೆ ಅಷ್ಟಕ್ಕಷ್ಟೆ. ನನ್ನ ವಿದ್ಯಾರ್ಥಿನಿಯ ಒಂದು ಪ್ರಶ್ನೆಗೆ ಅವಳು ಲಂಬಾಣಿಗರ ಮನೆಮಾತಾದ ಗೋರ್‌ಬೋಲಿಯಲ್ಲಿ ಬಹಳ ಹೊತ್ತು ಮಾತನಾಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಕನ್ನಡದಲ್ಲಿ ಹೇಳಿದ್ದು ಇಷ್ಟೇ: ‘ನಿದ್ದೆ ಬರುವುದಿಲ್ಲವಂತೆ.’ ವಿದ್ಯಾರ್ಥಿನಿ ಅದನ್ನೇ ಬರೆದುಕೊಂಡಳು.

ಅತ್ತೆಯನ್ನು ಹೊರಗೆ ಕೂರಿಸಿ, ಗೋರ್‌ಬೋಲಿ ಬಲ್ಲ ಆಯಾ ಒಬ್ಬರನ್ನು ಕರೆಸಿದ ಮೇಲೆ ವಿಷಯ ತಿಳಿಯಿತು. ಗೋವಾಕ್ಕೆ ದುಡಿಯಲು ಹೋಗುವಾಗ ಎಳೆಯ ಕೂಸನ್ನು ತಾಂಡಾದಲ್ಲೇ ಬಿಟ್ಟು ಹೋಗಬೇಕಾಗಿತ್ತು. ಬಿಟ್ಟು ಹೋಗು ಎಂದವರು ಅತ್ತೆಯೇ. ಆಯಾ ಅವರಿಗೂ ಗುಟ್ಟು ಕಾಯುವ ತರಬೇತಿಯಿಲ್ಲ. ಅದು ಸರಿಯಾದ ದಾರಿಯಲ್ಲವೆಂದು ಗೊತ್ತಿದ್ದೇ ಕರೆಸಿದೆ.

ಆ ವಿದ್ಯಾರ್ಥಿನಿಯನ್ನು ನಾನು ದೂರಲಾರೆ. ಬಹುಸಾಂಸ್ಕೃತಿಕ ಸಾಮರ್ಥ್ಯದ, ಎಂದರೆ ಬೇರೆ ಸಂಸ್ಕೃತಿಯವರಿಗೆ ಆಪ್ತಸಮಾಲೋಚನೆ ನಡೆಸಬಲ್ಲ ಶಕ್ತಿಯ, ಬಗ್ಗೆ ಕೇಳಿದರೆ 1982ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು ಹೇಳಿದ ಮೂರು ಅಂಗಗಳನ್ನು ಅವಳು ತಡವರಿಸದೆ ಹೇಳುತ್ತಾಳೆ: ತನ್ನ ನಂಬಿಕೆಗಳ ಅರಿವು, ಎದುರಿನವರ ಬದುಕಿನ ತಿಳಿವಳಿಕೆ, ಕೌಶಲ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ರೋಗಿಯ ಸಂಸ್ಕೃತಿಯನ್ನು ಕೇಳಿ ತಿಳಿಯುವ 16 ಪ್ರಶ್ನೆಗಳ ಸಂದರ್ಶನವಿದೆ ಎಂಬುದೂ ಗೊತ್ತು. ಅದನ್ನು ಒಬ್ಬ ರೋಗಿಯ ಮುಂದೆ ಕುಳಿತು ಒಮ್ಮೆಯೂ ಮಾಡಿಲ್ಲ. ನಾವು ಮಾಡಿಸಿಲ್ಲ.

ಮೂರರಲ್ಲಿ ಮೊದಲನೆಯದೇ ಕಷ್ಟದ್ದು. ‘ತಾಂಡಾ ಎಂದರೆ ನಿಮಗೇನು ನೆನಪಾಗುತ್ತದೆ?’ ಎಂದು ತರಗತಿಯಲ್ಲಿ ಬರೆಸಿದೆ. ಕೆಲವು ಉತ್ತರಗಳನ್ನು ಓದಿ ಸಂಕಟವಾಯಿತು. ತಾಂಡಾದಿಂದಲೇ ಬಂದ ವಿದ್ಯಾರ್ಥಿ ಖಾಲಿ ಹಾಳೆ ಮರಳಿಸಿದ. ಇವರೇ ನಾಳಿನ ಆಪ್ತಸಮಾಲೋಚಕರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಧರ್ಮ, ಸಂಸ್ಕೃತಿ, ಜಾತಿಯ ಭೇದವಿಲ್ಲದೆ ಸೇವೆ ಸಿಗಬೇಕೆನ್ನುತ್ತದೆ. ಮಾತೇ ತಲುಪದಿದ್ದರೆ ಸೇವೆ ತಲುಪುವುದು ಹೇಗೆ? ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಬಹುಸಾಂಸ್ಕೃತಿಕ ಸಾಮರ್ಥ್ಯವನ್ನು ಲಿಖಿತ ಪರೀಕ್ಷೆಯ ಟಿಪ್ಪಣಿಯಾಗಿ ಉಳಿಸದೆ, ಮೇಲ್ವಿಚಾರಣೆಯಲ್ಲಿ ನಡೆಯುವ ಸಂದರ್ಶನಗಳಿಗೆ ಅಂಕ ಕೊಡಬೇಕು. ದುಭಾಷಿಯೊಂದಿಗೆ ಕೂರುವುದನ್ನೂ ಕಲಿಸಬೇಕು: ನೋಟ ರೋಗಿಯ ಮೇಲಿರಬೇಕು, ಪ್ರಶ್ನೆ ಚಿಕ್ಕದಿರಬೇಕು, ಮನೆಯವರು ದುಭಾಷಿಯಾಗಬಾರದು. ಗೋರ್‌ಬೋಲಿ, ಉರ್ದು, ಮರಾಠಿ ಬಲ್ಲವರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಜಿಲ್ಲಾ ಮಟ್ಟದಲ್ಲಿ ನೇಮಿಸಲಿ.

ಆ ಹೆಣ್ಣುಮಗಳು ಮುಂದಿನ ವಾರ ಮತ್ತೆ ಬರುತ್ತಾಳೆ. ಅಂದು ಆಯಾ ರಜೆಯಲ್ಲಿದ್ದರೆ ನಡುವೆ ಯಾರನ್ನು ಕೂರಿಸಲಿ?

— ಮನೋವಿಜ್ಞಾನ ಅಧ್ಯಾಪಕಿ, ವಿಜಯಪುರ