ಬ್ಯಾಂಡಿನವರಿಗೂ ಒಂದು ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ರಾಯಚೂರಿನಲ್ಲಿ ಬ್ಯಾಂಡಿನವರ ಕೋಟು ಹೊಲಿಯುವ ದರ್ಜಿ ನಾನು. ಕೆಂಪು ಬಟ್ಟೆ, ಹೆಗಲಿಗೆ ಜರಿ ಪಟ್ಟಿ, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಈಚೆಗೆ ನಮ್ಮ ಜಿಲ್ಲೆಯಲ್ಲಿ ನಡೆದ ಸಂಗೀತೋತ್ಸವದ ಮೊದಲ ದಿನಕ್ಕೆಂದೇ ಒಂದು ತಂಡ ನನ್ನಲ್ಲಿ ಹನ್ನೆರಡು ಹೊಸ ಕೋಟು ಹೊಲಿಸಿತು. ಮೆರವಣಿಗೆಯಲ್ಲಿ ಊದುವುದು ಅವರಿಗೆ ಹೊಸದಲ್ಲ. ಈ ಸಲ ವೇದಿಕೆಗೂ ಕರೆದಿದ್ದಾರೆ ಎಂಬುದೇ ಸಂಭ್ರಮ. ‘ಮಾಸ್ತರ್, ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಬಿಡಿ, ಕುರ್ಚಿಯಲ್ಲಿ ಕೂತು ನುಡಿಸಬೇಕಂತೆ’ ಎಂದರು ಬ್ಯಾಂಡ್ ಮಾಸ್ತರ್. (ಅವರೂ ಮಾಸ್ತರ್, ನಾನೂ ಮಾಸ್ತರ್. ಅಂಗಡಿಯ ಮುಂದೆ ಯಾರಾದರೂ ಕೂಗಿದರೆ ಇಬ್ಬರೂ ತಿರುಗುತ್ತೇವೆ.) ನಿಂತು ಊದುವವನ ಕೋಟಿಗೂ ಕೂತು ಊದುವವನ ಕೋಟಿಗೂ ಕಟಿಂಗ್‌ನಲ್ಲೇ ವ್ಯತ್ಯಾಸವಿದೆ. ಕೂತಾಗ ಗುಂಡಿ ಬಿಗಿದರೆ ಉಸಿರು ತುಂಬುವುದಿಲ್ಲ. ಹಾಗಾಗಿ ಒಂದೊಂದಕ್ಕೂ ಒಂದೂವರೆ ಇಂಚು ಹೆಚ್ಚು ಬಿಟ್ಟೆ.

ಅವರು ಕೂರಲೇ ಇಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ.

ಆಹ್ವಾನ ಪತ್ರಿಕೆಯನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಎರಡು ಪುಟದ ತುಂಬ ಅತಿಥಿಗಳ ಹೆಸರು, ಯಾರದು ಮೇಲೆ ಯಾರದು ಕೆಳಗೆ ಎಂದು ಅಳೆದು ತೂಗಿ ಹಾಕಿದ್ದು. ಕೊನೆಯ ಪುಟದಲ್ಲಿ ದೂರದಿಂದ ಬರುವ ಹೆಸರಾಂತ ಗಾಯಕರ ಚಿತ್ರ. ಅದರ ಕೆಳಗೆ ಒಂದೇ ಸಾಲು: ‘ಹಾಗೂ ಸ್ಥಳೀಯ ಕಲಾವಿದರಿಂದ ಸಾಂಸ್ಕೃತಿಕ ಕಾರ್ಯಕ್ರಮ’. ಆ ‘ಹಾಗೂ’ ಒಳಗೆ ನಮ್ಮ ಹನ್ನೆರಡು ಮಂದಿಯೂ ಇದ್ದರು, ಗಿಟಾರ್ ನುಡಿಸುವ ಕಾಲೇಜು ಹುಡುಗರ ತಂಡವೂ ಇತ್ತು.

ಮಧ್ಯಾಹ್ನ ಮೂರಕ್ಕೆ ಮೆರವಣಿಗೆ. ಬಿಸಿಲಿನಲ್ಲಿ ಎರಡು ಗಂಟೆ ಊದಿ, ಬಾರಿಸಿ, ಅತಿಥಿಗಳನ್ನು ವೇದಿಕೆಯವರೆಗೆ ಮುಟ್ಟಿಸಿದರು. ಆರಕ್ಕೆ ಆರಂಭ ಎಂದಿದ್ದ ಸಭೆ ಏಳೂವರೆಗೆ ಶುರುವಾಯಿತು. ಮಾತನಾಡಿದ ಪ್ರತಿಯೊಬ್ಬರೂ ‘ಕೃಷ್ಣೆ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡು, ದಾಸರ ಬೀಡು’ ಎಂದೇ ಶುರು ಮಾಡಿದರು. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಹಾಡಿಕೊಂಡು ತಿರುಗಿದ ನೆಲ ಇದು, ಸುಳ್ಳೇನಲ್ಲ. ಆದರೆ ನಾಲ್ಕನೆಯವರು ‘ಕೃಷ್ಣೆ’ ಎಂದೊಡನೆ ನನ್ನ ಹಿಂದೆ ಕೂತಿದ್ದ ಪುಟ್ಟ ಹುಡುಗಿ ‘ತುಂಗಭದ್ರೆ’ ಎಂದು ತಾನೇ ಮುಗಿಸಿದಳು.

ಅಷ್ಟೂ ಹೊತ್ತು ನಮ್ಮ ಕ್ಲಾರಿಯೊನೆಟ್‌ನವರು ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದರು. ಆ ವಾದ್ಯದ ಬಾಯಿಗೆ ಬೆತ್ತದಂಥ ತೆಳು ಪಟ್ಟಿಯೊಂದಿರುತ್ತದೆ, ರೀಡ್ ಎನ್ನುತ್ತಾರೆ. ಎಂಜಲಲ್ಲಿ ನೆನೆದರಷ್ಟೇ ಅದು ಮಾತು ಕೇಳುತ್ತದೆ, ಒಣಗಿದರೆ ಕೀಚಲು ದನಿ ಬರುತ್ತದೆ. ಭಾಷಣ ಮುಗಿಯಿತೆಂದು ಅವರು ರೀಡನ್ನು ಬಾಯಿಗಿಡುವುದು, ಇನ್ನೊಬ್ಬರು ಮೈಕಿನತ್ತ ಎದ್ದರೆಂದು ತೆಗೆದು ಅಂಗಿಯ ಜೇಬಿಗೆ ಹಾಕುವುದು. ನಾನು ಎಣಿಸಿದಂತೆ ಏಳು ಸಲ.

ಒಂಬತ್ತು ಗಂಟೆಗೆ ಸನ್ಮಾನ ಮುಗಿದು ಗಿಟಾರಿನ ಹುಡುಗರನ್ನು ಕರೆದರು. ವಯರು ಸಿಕ್ಕಿಸಿದ್ದೇ ತಡ, ಸ್ಪೀಕರುಗಳಿಂದ ಗುಂಯ್ ಎಂಬ ಸದ್ದು. ಮಧ್ಯಾಹ್ನವೇ ಒಂದು ಸಲ ಎಲ್ಲ ವಾದ್ಯ ಜೋಡಿಸಿ ಪರೀಕ್ಷಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಆದರೆ ಮಧ್ಯಾಹ್ನ ವೇದಿಕೆಯ ಮೇಲೆ ಹೂವಿನ ಅಲಂಕಾರ ನಡೆದಿತ್ತು. ಜನ ಏಳತೊಡಗಿದರು. ಆಗ ನಮ್ಮ ಕ್ಲಾರಿಯೊನೆಟ್‌ನವರು ಯಾರನ್ನೂ ಕೇಳದೆ, ಮೈಕಿಲ್ಲದೆ, ಮೆಟ್ಟಿಲ ಬಳಿಯೇ ನಿಂತು ಜಗನ್ನಾಥದಾಸರ ಕೀರ್ತನೆಯೊಂದನ್ನು ಎತ್ತಿಕೊಂಡರು. ಯೂಫೋನಿಯಂನವರು ಕೆಳಗಿನ ಸ್ವರ ಹಿಡಿದರು. ಡೋಲಿನವರು ಬಡಿಗೆ ಬಿಟ್ಟು ಬೆರಳಿನಲ್ಲೇ ಠೇಕಾ ಕೊಟ್ಟರು. ಎದ್ದವರು ಮುಂದೆ ಬಂದು ನೆಲದ ಮೇಲೆಯೇ ಕೂತರು. ಹತ್ತು ನಿಮಿಷವಿರಬಹುದು. ಉತ್ಸವದ ಆ ಇಡೀ ದಿನದಲ್ಲಿ ನನಗೆ ನೆನಪಿರುವುದು ಅಷ್ಟೇ.

ಗಿಟಾರಿನ ಹುಡುಗರ ಬಗ್ಗೆಯೂ ಹೇಳಬೇಕು. ಅಂಥವರನ್ನು ಕಂಡರೆ ಮೂಗು ಮುರಿಯುವ ವಯಸ್ಸು ನನ್ನದು. ಆದರೆ ತತ್ವಪದಗಳನ್ನು ತಮ್ಮ ರೀತಿಯಲ್ಲಿ ಕೂಡಿಸಿಕೊಂಡು ಬಂದಿದ್ದರು, ಪದ ನುಂಗಲಿಲ್ಲ. ಎರಡನೆಯ ಹಾಡಿಗೆ ಡ್ರಮ್ ಹುಡುಗನ ಎಡಗೈ ಕೋಲು ಮುರಿಯಿತು. ಬಲಗೈ ಬಾರಿಸುತ್ತಲೇ ಇತ್ತು, ಎಡಗೈ ಸೊಂಟದಿಂದ ಇನ್ನೊಂದನ್ನು ಎಳೆದುಕೊಂಡಿತು. ಮೂರನೆಯದರಲ್ಲಿ ಹಾಡುವವನು ಆತುರಪಟ್ಟು ಒಂದು ಏಟು ಮೊದಲೇ ಬಂದುಬಿಟ್ಟ. ಉಳಿದವರು ಕಣ್ಣಲ್ಲೇ ಮಾತಾಡಿಕೊಂಡು ಅವನಿದ್ದಲ್ಲಿಗೆ ಬಂದು ಸೇರಿಕೊಂಡರು. ಹದಿನೈದನೆಯ ನಿಮಿಷಕ್ಕೆ ಯಾರೋ ಬಂದು ಕೈಸನ್ನೆ ಮಾಡಿ ಇಳಿಸಿದರು.

ಆಮೇಲೆ ಹೆಸರಾಂತ ಗಾಯಕರು. ಒಳ್ಳೆಯ ಕಂಠ, ತಕರಾರಿಲ್ಲ. ಆದರೆ ಅವರ ಹಿಂದಿದ್ದ ಕೀಬೋರ್ಡಿನವರು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುವಾಗಲೂ ಕೀಬೋರ್ಡ್ ತಾನೇ ನುಡಿಯುತ್ತಿತ್ತು. ಮೊದಲೇ ಧ್ವನಿಮುದ್ರಿಸಿಕೊಂಡ ಟ್ರ್ಯಾಕ್ ಹಾಕಿಕೊಂಡು ಹಾಡುವುದು ಅಪರಾಧವೇನಲ್ಲ. ಅದಕ್ಕೆ ಎರಡು ಗಂಟೆ, ಉಸಿರು ಹಿಡಿದು ಊದುವವರಿಗೆ ಮೆಟ್ಟಿಲು ಎಂಬ ಲೆಕ್ಕ ನನಗೆ ತಿಳಿಯಲಿಲ್ಲ.

ನಮ್ಮ ಮಾಸ್ತರ್ ಹೋಗಿ ವಿಚಾರಿಸಿದರೆ ‘ಹೊತ್ತಾಗಿದೆ, ಕಾನೂನಿದೆ’ ಎಂದರಂತೆ. ಕಾನೂನೇನೋ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವ, ಹಬ್ಬಗಳಿಗೆ ಸರ್ಕಾರ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಹೆಚ್ಚೆಂದರೆ 15 ದಿನ. ಗಡಿಯಾರ ಇಷ್ಟು ಬಿಗಿಯಾಗಿದೆಯೆಂದು ಮೊದಲೇ ಗೊತ್ತಿದ್ದ ಮೇಲೆ, ಏಳೂವರೆಯಿಂದ ಒಂಬತ್ತರವರೆಗೆ ಭಾಷಣ, ಸನ್ಮಾನಗಳಿಗೆ ಹೋದ ಹೊತ್ತನ್ನು ಯಾರ ಲೆಕ್ಕದಲ್ಲಿ ಕಳೆದರು?

ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರಿಗೆ ಅರಮನೆಯ ಅಂಗಳದಲ್ಲೇ ಕಾರ್ಯಕ್ರಮವಿರುತ್ತದೆ, ಜನ ಕೂತು ಕೇಳುತ್ತಾರೆ. ವಾದ್ಯಗಳು ಹೆಚ್ಚುಕಡಿಮೆ ಅವೇ. ಅಷ್ಟು ದೂರವೇಕೆ, ಪಂಡಿತ್ ನರಸಿಂಹಲು ವಡವಾಟಿಯವರು ನಮ್ಮ ರಾಯಚೂರಿನವರೇ. ಮದುವೆಯ ದಿಬ್ಬಣದಲ್ಲಿ ಕೇಳುವ ಇದೇ ಕ್ಲಾರಿಯೊನೆಟ್‌ನಲ್ಲಿ ಅವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದರು. ಅವರ ಗುರು ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಊರಲ್ಲೇ ಇದೆ. ಇಂಥ ಊರಿನಲ್ಲಿ ಬ್ಯಾಂಡಿನವರೆಂದರೆ ಅತಿಥಿಗಳ ಮುಂದೆ ದಾರಿ ಬಿಡಿಸುವವರು ಎಂದು ತಿಳಿದರೆ ಹೇಗೆ?

ಆಯೋಜಕರಲ್ಲಿ ಕೇಳುವುದು ದೊಡ್ಡದೇನಲ್ಲ. ಆಹ್ವಾನ ಪತ್ರಿಕೆಯಲ್ಲಿ ‘ಹಾಗೂ’ ಬದಲು ತಂಡದ ಹೆಸರು, ಮುಂದೆ ಅವರ ವೇಳೆ. ಆ ವೇಳೆ ಬಂದಾಗ ಭಾಷಣ ಎಲ್ಲಿಗೆ ಬಂದಿದ್ದರೂ ನಿಲ್ಲಬೇಕು. ಹೂವು ಕಟ್ಟುವವರು ಮಧ್ಯಾಹ್ನ ಒಂದು ಗಂಟೆ ವೇದಿಕೆಯನ್ನು ಮೈಕಿನವರಿಗೂ ವಾದ್ಯದವರಿಗೂ ಬಿಟ್ಟುಕೊಡಲಿ. ಮೆರವಣಿಗೆಯಲ್ಲಿ ದಣಿದ ತಂಡಕ್ಕೆ ಕುಡಿಯಲು ನೀರು, ಕೂರಲು ಕುರ್ಚಿ ಇರಲಿ. ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ.

ಮೊನ್ನೆ ಬ್ಯಾಂಡ್ ಮಾಸ್ತರ್ ಹನ್ನೆರಡೂ ಕೋಟು ತಂದು ಹಾಕಿದ್ದಾರೆ. ಹೊಟ್ಟೆಯ ಹತ್ತಿರ ಬಿಟ್ಟ ಒಂದೂವರೆ ಇಂಚು ನಡೆಯುವಾಗ ಜೋಲುತ್ತದಂತೆ, ಹಿಡಿದು ಕೊಡಿ ಎಂದರು. ಲಗ್ನಸರಾಯಿ ಶುರುವಾಗುವವರೆಗೆ ಸಮಯವಿದೆ. ಹಿಡಿಯುವುದೋ ಹಾಗೆಯೇ ಬಿಡುವುದೋ, ಆಯೋಜಕರು ಅಷ್ಟರೊಳಗೆ ಹೇಳಿದರೆ ಉಪಕಾರವಾಗುತ್ತದೆ.

– ಬ್ಯಾಂಡಿನವರ ದರ್ಜಿ, ರಾಯಚೂರು